ಡ್ರೋನ್ ತಡೆ: ಸಾಲದಿಂದ ಸಾಗದ ಸಂಶೋಧನೆ

2021ರ ಜೂನ್ 27ರ ನಸುಕಿನಲ್ಲಿ ಜಮ್ಮುವಿನ ವಾಯುನೆಲೆಯ ಮೇಲೆ ಎರಡು ಪುಟ್ಟ ಡ್ರೋನ್‌ಗಳು ಸ್ಫೋಟಕ ಕೆಡವಿದವು. ಹಾನಿ ಅಲ್ಪ. ಅದೇ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಡ್ರೋನ್ ಉದ್ಯಮಕ್ಕೆ ಮೂರು ವರ್ಷಗಳ ಅವಧಿಗೆ 120 ಕೋಟಿ ರೂಪಾಯಿ ಪ್ರೋತ್ಸಾಹಧನ ಪ್ರಕಟಿಸಿತು. ಅದು ತಯಾರಿಸಿ ಮಾರುವವರಿಗೆ ಮೀಸಲಾದ ಹಣ, ಸಂಶೋಧನೆಗೆ ಕೊಟ್ಟದ್ದಲ್ಲ. ಈ ವ್ಯತ್ಯಾಸವನ್ನು ನಾವು ಇಂದಿಗೂ ಲಘುವಾಗಿ ಕಾಣುತ್ತಿದ್ದೇವೆ ಎಂಬುದು ನನ್ನ ಆತಂಕ.

ಡ್ರೋನ್ ಹಾರಿಸುವುದಕ್ಕಿಂತ ಅದನ್ನು ತಡೆಯುವುದು ಕಷ್ಟ. ಡಿಆರ್‌ಡಿಒ ರೂಪಿಸಿ ಬಿಇಎಲ್ ತಯಾರಿಸುವ ವ್ಯವಸ್ಥೆಯ ರಾಡಾರ್ ಸಣ್ಣ ಡ್ರೋನನ್ನು 4 ಕಿ.ಮೀ. ದೂರದಲ್ಲೇ ಗುರುತಿಸಬಲ್ಲದು. ಬಳಿಕ ಅದರ ರೇಡಿಯೊ ಸಂಪರ್ಕ ಕಡಿಯಬೇಕು, ಇಲ್ಲವೇ ಲೇಸರ್‌ನಿಂದ ಸುಡಬೇಕು. 2025ರ ಮೇ 8ರ ರಾತ್ರಿ ಪಾಕಿಸ್ತಾನ 36 ಸ್ಥಳಗಳತ್ತ 300ರಿಂದ 400 ಡ್ರೋನ್ ಕಳುಹಿಸಿತೆಂದು ಸರ್ಕಾರವೇ ಹೇಳಿದೆ. ಹಲವನ್ನು ನಮ್ಮವರು ಉರುಳಿಸಿದರು; ಹೆಮ್ಮೆಪಡಬೇಕಾದದ್ದೇ. ಆದರೆ ಉಕ್ರೇನ್ ಯುದ್ಧದಲ್ಲಿ ಆ ವೇಳೆಗಾಗಲೇ ಕೂದಲೆಳೆಯಂಥ ಆಪ್ಟಿಕಲ್ ಫೈಬರ್ ಬಿಚ್ಚುತ್ತ ಹಾರುವ ಡ್ರೋನ್‌ಗಳು ಬಂದಿದ್ದವು. ಅವಕ್ಕೆ ರೇಡಿಯೊ ಸಂಪರ್ಕವೇ ಬೇಡ. ಇನ್ನು ಕಡಿಯುವುದೇನನ್ನು?

2025ರ ಜುಲೈನಲ್ಲಿ ಸಂಪುಟ ಒಪ್ಪಿದ 1 ಲಕ್ಷ ಕೋಟಿ ರೂಪಾಯಿಯ ಸಂಶೋಧನಾ ನಿಧಿ ದೊಡ್ಡ ಹೆಜ್ಜೆ, ನಿಜ. ಆದರೆ ಅದು ಮುಖ್ಯವಾಗಿ ದೀರ್ಘಾವಧಿ ಸಾಲ. ಅದೂ ತಕ್ಕಮಟ್ಟಿಗೆ ಪಕ್ವವಾದ ತಂತ್ರಜ್ಞಾನಕ್ಕೆ. ಸೋಲುವ ಸಾಧ್ಯತೆಯೇ ಹೆಚ್ಚಿರುವ ಆರಂಭಿಕ ಶೋಧಕ್ಕೆ ಯಾರು ತಾನೇ ಸಾಲ ಮಾಡಿಯಾರು? ಅದಕ್ಕೆ ವಿಶ್ವವಿದ್ಯಾಲಯಗಳಿಗೆ ಮರುಪಾವತಿಯ ಹಂಗಿಲ್ಲದ ಅನುದಾನ ಬೇಕು, ವರ್ಷವರ್ಷವೂ ಬೇಕು. ಸೇನೆಯ ಪ್ರಯೋಗ ಮೈದಾನಗಳೂ ನಮ್ಮ ಯುವ ಸಂಶೋಧಕರಿಗೆ ಸುಲಭವಾಗಿ ದಕ್ಕುವಂತಾಗಬೇಕು.