108ರ ಹುಡುಗನಿಗೂ ಬಡ್ತಿ ಬೇಡವೇ?

ಮಡಕಶಿರಾ ಸೀಮೆಯವರಿಗೆ 108 ಹೊಸದೇನಲ್ಲ. 2005ರ ಆಗಸ್ಟ್ 15ರಂದು ಹೈದರಾಬಾದಿನಲ್ಲಿ ಶುರುವಾದ ಸೇವೆಯಿದು. ಕರ್ನಾಟಕದಲ್ಲಿ 'ಆರೋಗ್ಯ ಕವಚ' ಬಂದದ್ದು 2008ರ ನವೆಂಬರಿನಲ್ಲಿ. ಅಷ್ಟರಮಟ್ಟಿಗೆ ಸಿರಾ, ಪಾವಗಡದ ನೆಂಟರ ಮುಂದೆ ನಾವು ಜಂಬ ಕೊಚ್ಚಿದ್ದೂ ಉಂಟು. 2020ರ ಜುಲೈ 1ರಂದು ವಿಜಯವಾಡದಲ್ಲಿ 108, 104 ಎರಡೂ ಸೇರಿ 1,088 ಗಾಡಿಗಳಿಗೆ ಹಸಿರು ನಿಶಾನೆ ತೋರಿಸಿದರು. ಗಾಡಿಯ ಬಗ್ಗೆ ಎಲ್ಲರೂ ಮಾತಾಡ್ತಾರೆ. ಒಳಗೆ ರೋಗಿಯ ಪಕ್ಕ ಕೂತವನ ಬಗ್ಗೆ ಕೇಳುವವರಿಲ್ಲ.

ಕೆಲವು ವರ್ಷದ ಹಿಂದೆ ನಮ್ಮ ಕಡ್ಲೆಕಾಯಿ ಹೊಲದಲ್ಲಿ ಕೂಲಿಯ ಹೆಣ್ಣುಮಗಳೊಬ್ಬಳಿಗೆ ಹಾವು ಕಚ್ಚಿತು. ಒಬ್ಬ ಬ್ಲೇಡು ಹುಡುಕ್ತಿದ್ದ, ಇನ್ನೊಬ್ಬ ಮಂತ್ರದವನಿಗೆ ಆಳು ಕಳಿಸಿದ್ದ. 108ರಲ್ಲಿ ಬಂದ ಹುಡುಗ ಎರಡನ್ನೂ ನಿಲ್ಲಿಸಿದ. ಮುರಿದ ಕಾಲಿಗೆ ಕಟ್ಟುವ ಹಾಗೆ ಕಾಲಿಗೆ ಪಟ್ಟಿ ಕೊಟ್ಟು ಕಟ್ಟಿದ, ಒಂದು ಹೆಜ್ಜೆಯೂ ನಡೆಸಲಿಲ್ಲ. ದಾರಿಯುದ್ದಕ್ಕೂ, "ಕಣ್ಣು ಬಿಡಮ್ಮ, ಮಾತಾಡು, ನುಂಗೋಕೆ ಆಗ್ತದಾ?" ಅಂತ ಕನ್ನಡದಲ್ಲೇ ಕೇಳ್ತಿದ್ದ. ರೆಪ್ಪೆ ಜೋಲು ಬಿದ್ದರೆ, ಮಾತು ತೊದಲಿದರೆ ವಿಷ ನರಕ್ಕೆ ಏರಿತು ಅಂತ ಲೆಕ್ಕ. ಅವಳಿಗೆ ತೆಲುಗು ಅಷ್ಟಕ್ಕಷ್ಟೆ. ಇವನು ಅವಳ ಹತ್ತಿರ ಕನ್ನಡ ಆಡಿ, ಫೋನಿನಲ್ಲಿ ಹಿಂದೂಪುರದ ಡಾಕ್ಟರಿಗೆ ತೆಲುಗಿನಲ್ಲಿ ಹೇಳಿದ. ನಾವು ಮುಟ್ಟುವ ಹೊತ್ತಿಗೆ ಇಂಜೆಕ್ಷನ್ ಸಿದ್ಧವಿತ್ತು. ಹೆಂಗಸು ಬದುಕಿದಳು.

ಆಮೇಲೆ ಟೀ ಕುಡೀತಾ, ಸರ್ವೀಸ್ ಎಷ್ಟಾಯಿತಪ್ಪ ಅಂತ ಕೇಳಿದೆ. "ಒಂಬತ್ತು ವರ್ಷ ಅಣ್ಣ. ಸೇರಿದಾಗ ಇದೇ ಸೀಟು, ಈಗಲೂ ಇದೇ ಸೀಟು." ಗುತ್ತಿಗೆ ಹಿಡಿದ ಸಂಸ್ಥೆ ಬದಲಾದಾಗಲೆಲ್ಲ ಹಳೇ ಸರ್ವೀಸು ಗಾಳಿಗೆ ಹೋಗುತ್ತಂತೆ. ಸಾಮಾನ್ಯ ಗಾಡಿಯಿಂದ ವೆಂಟಿಲೇಟರ್ ಇರುವ ದೊಡ್ಡ ಗಾಡಿಗೆ ಹೋಗಬೇಕೆಂದರೆ ಕಲಿಸುವವರಿಲ್ಲ, ಕಲಿಯಲು ರಜೆಯೂ ಇಲ್ಲ. ಕೊನೆಗೆ ಅವನು ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದಕ್ಕೆ ಹೋಗಿಬಿಟ್ಟ. ಅವನದು ತಪ್ಪು ಅನ್ನಲಾರೆ. ನಮ್ಮ ಮಂಡಿಯಲ್ಲಿ ಮೂಟೆ ಹೊರುವವನೇ ನಾಲ್ಕು ವರ್ಷಕ್ಕೆ ತೂಕದ ಗುಮಾಸ್ತ ಆಗ್ತಾನೆ!

ಇಂಗ್ಲೆಂಡಿನಲ್ಲಿ 2021ರಿಂದ ಪ್ಯಾರಾಮೆಡಿಕ್ ಆಗಿ ನೋಂದಾಯಿಸಲು ಪದವಿ ಬೇಕು. ಆದರೆ ಆಂಬುಲೆನ್ಸಿನಲ್ಲಿ ಸಹಾಯಕನಾಗಿ ಸೇರಿದವನು ಸಂಬಳ ತಗೊಂಡೇ ಓದಿ ಆ ಪದವಿ ಪಡೆಯುವ ದಾರಿಯೂ ಅಲ್ಲಿದೆ. ಅದರ ಮೇಲೂ ಮೆಟ್ಟಿಲುಗಳಿವೆ. ನಮ್ಮಲ್ಲೂ 2021ರಲ್ಲೇ ಸಂಸತ್ತು ಆರೋಗ್ಯ ಸಹವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಮಾಡಿದೆ. ತುರ್ತು ವೈದ್ಯಕೀಯ ತಂತ್ರಜ್ಞರ ಹೆಸರು ಅದರ ಪಟ್ಟಿಯಲ್ಲಿದೆ. ಡಿಪ್ಲೊಮಾ ಮಟ್ಟಕ್ಕೆ ಕನಿಷ್ಠ 2,000 ಗಂಟೆಗಳ ಓದು, ರಾಜ್ಯದ ಮತ್ತು ಕೇಂದ್ರದ ದಾಖಲೆಯಲ್ಲಿ ಹೆಸರು ಎಂದಿದೆ. ಗಡಿ ದಾಟಿ ದುಡಿಯುವ ನಮ್ಮ ಹುಡುಗರಿಗೆ ಇದು ದೊಡ್ಡ ಮಾತು.

ಆದರೆ ಒಂಬತ್ತು ವರ್ಷ ಗಾಡಿಯಲ್ಲಿ ಹೆರಿಗೆ ಮಾಡಿಸಿದವನು ಮತ್ತೆ ಒಂದನೇ ಪಾಠದಿಂದ, ಸಂಬಳ ಬಿಟ್ಟು ಕೂರಬೇಕೆ? ಗಾಡಿಯಲ್ಲಿ ಕಳೆದ ವರ್ಷಗಳಿಗೆ ಲೆಕ್ಕ ಕೊಡಿ. ಅನಂತಪುರದ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ ಪಾಳಿಯ ಮೇಲೆ ತರಬೇತಿ ನಡೆಸಿ. ದೊಡ್ಡ ಗಾಡಿ, ಕಂಟ್ರೋಲ್ ರೂಮು, ತರಬೇತುದಾರ ಅಂತ ಹಂತ ಇಡಿ. ಗಡಿ ಮಂಡಲಗಳಲ್ಲಿ ಎರಡು ಭಾಷೆ ಬಲ್ಲವನಿಗೆ ಮೊದಲ ಅವಕಾಶ ಇರಲಿ. ದುಡ್ಡೆಲ್ಲಿದೆ ಅಂತಾರೆ. ಗಾಡಿಗೆ ಬಣ್ಣ ಬದಲಿಸಲು ದುಡ್ಡು ಸಿಗುತ್ತಲ್ಲ!

ಈ ಸಲ ಎಮ್ಮೆಲ್ಲೆಯವರ ಹತ್ತಿರ ರಸ್ತೆಗೆ, ಬೋರಿಗೆ ಅರ್ಜಿ ಒಯ್ಯುವಾಗ ನಮ್ಮ ವರ್ತಕರು ಇದನ್ನೂ ಬರೆಯಲಿ. ಬರೆಯೋ ಕೆಲಸ ನಾನೇ ಮಾಡ್ತೀನಿ, ಎರಡೂ ಭಾಷೆಯಲ್ಲಿ.