ಏಟು ಸಿಹಿ ನೆನಪಲ್ಲ (ಭಾಗ 3)

ನಮ್ಮ ವಸತಿ ಶಾಲೆ ಗ್ರೂಪಲ್ಲಿ ನಿನ್ನೆ ಒಬ್ಬ ಬರೆದ: "ಅವತ್ತು ಬಿದ್ದ ಏಟಿಗೇ ಇವತ್ತು ಹಿಂಗಿದೀವಿ." ಕೆಳಗೆ ಎಲ್ರದೂ ನಗೋ ಇಮೋಜಿ.

ನಂಗೆ ನಗು ಬರ್ಲಿಲ್ಲ. ಆರನೇ ಕ್ಲಾಸಿಗೇ ಟ್ರಂಕ್ ಹೊತ್ತು ಮನೆ ಬಿಟ್ಟ ಮಕ್ಕಳು ನಾವು. ಸಿರುಗುಪ್ಪ ಅಂದ್ರೆ ತುಂಗಭದ್ರೆ ನೀರು, ಭತ್ತದ ಗದ್ದೆ. ಆ ಊರಿನ ಮಕ್ಕಳ ತಟ್ಟೆಯಾಗೆ ಹುಳದ ಅನ್ನ! ಕೇಳಿದ್ರೆ ಬೆತ್ತ. ಮಕ್ಕಳನ್ನ ಹೊಡೆಯಂಗಿಲ್ಲ ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೇಳುತ್ತೆ. ನಮಗೆ ಯಾರೂ ಹೇಳ್ಲಿಲ್ಲ.

"ಉದ್ಧಾರ ಆದ್ವಿ" ಅನ್ನೋರಷ್ಟೇ ಗ್ರೂಪಲ್ಲಿದಾರೆ. ಎಂಟನೇ ಕ್ಲಾಸಲ್ಲಿ ರಾತ್ರಿ ಕಾಂಪೌಂಡ್ ಹಾರಿ ಹೋದವನ ನಂಬರ್ ಯಾರ ಹತ್ರ ಐತೆ? ಲಾಭ ಬರೆದು ನಷ್ಟ ಬಿಟ್ರೆ ಅದು ಲೆಕ್ಕ ಅಲ್ಲ. ಬಿಕಾಂ ಓದೋ ನಂಗೆ ಇಷ್ಟಾದ್ರೂ ಗೊತ್ತು.

2024ರಲ್ಲಿ ವಸತಿ ಶಾಲೆ ಗೋಡೆ ಮೇಲೆ ಕೈಮುಗಿಯೋ ಸಾಲು ತೆಗೆದು "ಧೈರ್ಯವಾಗಿ ಪ್ರಶ್ನಿಸಿ" ಅಂತ ಬರೆದಿದ್ದಕ್ಕೆ ರಾಜ್ಯದ ತುಂಬ ಗಲಾಟೆ ಆಯ್ತು. ಗೋಡೆ ಜಗಳ ಇರ್ಲಿ. ಪ್ರಶ್ನೆ ಕೇಳಿದ ಹುಡುಗನ ಪಕ್ಕ ಯಾರು ನಿಲ್ತಾರೆ?

ನಮ್ಮ ಗೆಳೆತನ ನಿಜ, ಅದನ್ನ ನೆನೆಯೋಣ. ಆದ್ರೆ ಮುಂದಿನ ಸಲ ಸೇರಿದಾಗ ಕೇಕ್ ಬೇಡ. ಜೂನಿಯರ್‌ಗಳ ಜೊತೆ ಕೂತು ಅದೇ ಅನ್ನ ಉಣ್ಣೋಣ. ಯಾರ್ಯಾರು ಬರ್ತೀರಿ, ಕಾಮೆಂಟ್ ಹಾಕ್ರಿ.

#ಸಿರುಗುಪ್ಪ #ಹಾಸ್ಟೆಲ್_ದಿನಗಳು