ಕಣ್ಣಿನ ಮುಂದಿನ ಗಾಜು

ಶಮಾಲ್ ಗಾಳಿ ಬೀಸಿದ ದಿನ ರಾಸ್ ಲಫಾನ್‌ನಲ್ಲಿ ಕಣ್ಣುಜ್ಜಿಕೊಳ್ಳದವರು ಯಾರೂ ಇರಲ್ಲ. ನಮ್ಮ ಗ್ರೈಂಡಿಂಗ್, ವೆಲ್ಡಿಂಗ್ ಹುಡುಗರ ಕಥೆಯಂತೂ ಕೇಳೋದೇ ಬೇಡ. ಹಾಗಾಗಿ ಈ ತಿಂಗಳು ಕಾರ್ನಿಯಾ ಬಗ್ಗೆ ಮಾತಾಡೋಣ.

ಕಣ್ಣಿನ ಕಪ್ಪು ಭಾಗದ ಮೇಲೆ ವಾಚಿನ ಗಾಜಿನಂತೆ ಕೂತಿರುವ ತಿಳಿಯಾದ ಪೊರೆಯೇ ಕಾರ್ನಿಯಾ. ನಡುವೆ ದಪ್ಪ ಸುಮಾರು ಅರ್ಧ ಮಿಲಿಮೀಟರ್, ಅಷ್ಟೇ. ಬೆಳಕನ್ನು ಬಗ್ಗಿಸಿ ಒಳಗೆ ಕಳಿಸುವ ಕೆಲಸದಲ್ಲಿ ಮೂರರಲ್ಲಿ ಎರಡು ಪಾಲು ಇದರದ್ದೇ. ಉಳಿದದ್ದು ಒಳಗಿನ ಲೆನ್ಸಿನದು. ಬೆಳಕಿಗೆ ಅಡ್ಡ ಬರಬಾರದೆಂದೋ ಏನೋ, ಇದರಲ್ಲಿ ರಕ್ತನಾಳವೇ ಇಲ್ಲ. ಆಮ್ಲಜನಕವನ್ನು ಕಣ್ಣೀರಿನ ಮೂಲಕ ಹೊರಗಿನ ಗಾಳಿಯಿಂದ ಎಳೆದುಕೊಳ್ಳುತ್ತದೆ. ನರಗಳು ಮಾತ್ರ ದಂಡಿಯಾಗಿವೆ. ಅದಕ್ಕೇ ಒಂದು ಮರಳಿನ ಕಣ ಬಿದ್ದರೂ ಜೀವ ಹೋದಂಗಾಗುತ್ತೆ.

ಮೇಲಿನ ಪದರ ಗೀಚಿದರೆ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ತಾನೇ ಕೂಡಿಕೊಳ್ಳುತ್ತದೆ. ನಡುವಿನ ದಪ್ಪ ಪದರಕ್ಕೆ ಗಾಯವಾದರೆ ಬಿಳಿ ಕಲೆ ಉಳಿಯಬಹುದು. ಒಳಮೈಯ ಜೀವಕೋಶಗಳು ನೀರು ಹೊರಹಾಕಿ ಕಾರ್ನಿಯಾವನ್ನು ತಿಳಿಯಾಗಿಡುತ್ತವೆ. ಅವು ಸತ್ತರೆ ಮತ್ತೆ ಹುಟ್ಟಲ್ಲ.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ಅವರ ಎರಡು ಕಣ್ಣಿಂದ ನಾಲ್ವರಿಗೆ ದೃಷ್ಟಿ ಬಂತಲ್ಲ, ಆ ಲೆಕ್ಕದ ಗುಟ್ಟು ಈ ಪದರಗಳಲ್ಲೇ ಇದೆ. ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಒಂದೊಂದು ಕಾರ್ನಿಯಾವನ್ನೂ ಎರಡಾಗಿ ಸೀಳಿ, ಮುಂಭಾಗ ಕೆಟ್ಟವರಿಗೆ ಮುಂಭಾಗ, ಹಿಂಭಾಗ ಕೆಟ್ಟವರಿಗೆ ಹಿಂಭಾಗ ಹಾಕಿದರು. ಅವರ ತಂದೆ ಡಾ. ರಾಜ್ ಕೂಡ 2006ರಲ್ಲಿ ಕಣ್ಣು ಕೊಟ್ಟೇ ಹೋಗಿದ್ದರು.

ಇನ್ನೊಬ್ಬರು ಸತ್ತ ಮೇಲೆ ಸಿಗುವ ವಸ್ತು ಅದು. ಆದರೆ ನಮ್ಮದನ್ನು ನಾವು ನೋಡಿಕೊಳ್ಳೋ ರೀತಿ ನೋಡಿ. ವೆಲ್ಡಿಂಗ್‌ನ ಅತಿನೇರಳೆ ಕಿರಣ ಹೆಚ್ಚಾಗಿ ಹೀರುವುದು ಕಾರ್ನಿಯಾವೇ. ಹಗಲು ತಗುಲಿದ್ದು ರಾತ್ರಿ ರೂಮಲ್ಲಿ ಮಲಗಿದಾಗ ಮರಳು ಸುರಿದಂಗೆ ಉರಿಯುತ್ತೆ. ಆಗ ಪಕ್ಕದ ಬೆಡ್‌ನವನ ಹತ್ತಿರ ಮರಗಟ್ಟಿಸುವ ಡ್ರಾಪ್ಸ್ ಇಸ್ಕೊಂಡು ಹಾಕೋದು! ಅದನ್ನು ಮತ್ತೆ ಮತ್ತೆ ಹಾಕಿದರೆ ನೋವು ಅಡಗುತ್ತೆ, ಗಾಯ ಮಾಯಲು ಬಿಡಲ್ಲ. ಗ್ರೈಂಡರ್‌ನ ಕಬ್ಬಿಣದ ಚೂರು ಕೂತಲ್ಲಿ ಒಂದೆರಡು ದಿನದೊಳಗೇ ತುಕ್ಕಿನ ಉಂಗುರ ಕಟ್ಟಬಹುದು. ಬೆಂಕಿಕಡ್ಡಿ, ಟವೆಲ್ ತುದಿಯಿಂದ ತೆಗೆಯೋಕೆ ಹೋದರೆ ಇನ್ನೂ ಆಳಕ್ಕೆ ಇಳಿಯುತ್ತೆ. ರಿಪೋರ್ಟ್ ಮಾಡಿದರೆ ಓವರ್‌ಟೈಮ್ ಹೋಗುತ್ತೆ ಅಂತ ಮುಚ್ಚಿಡುವವರು ನಮ್ಮಲ್ಲೇ ಇದ್ದಾರೆ. ಓವರ್‌ಟೈಮ್ ಮುಂದಿನ ವಾರವೂ ಸಿಗುತ್ತೆ, ಅವತ್ತೇ ಕ್ಲಿನಿಕ್‌ಗೆ ಹೋಗಿ.

ಕಾಸ್ಟಿಕ್ ಸಿಡಿದರೆ ಮಾತ್ರ ಕ್ಲಿನಿಕ್‌ಗಿಂತ ಮೊದಲು ಐವಾಶ್: ರೆಪ್ಪೆ ಬಿಡಿಸಿ ಹಿಡಿದು ಕನಿಷ್ಠ 15 ನಿಮಿಷ. ನಿಮ್ಮ ಜಾಗದ ಐವಾಶ್ ಎಲ್ಲಿದೆ ಅಂತ ಇವತ್ತೇ ನೋಡಿಟ್ಟುಕೊಳ್ಳಿ. ಕಣ್ಣು ಮುಚ್ಚಿಕೊಂಡು ಹುಡುಕೋಕೆ ಆಗಲ್ಲ.